ಲಾರಿಯಲ್ಲಿ ತಂದ ಕೋಚ್ ಒಂದೇ ಜಾಗದಲ್ಲಿ ಹಳಿ ತಪ್ಪುತ್ತಿದ್ದರೆ

ಲಕ್ಷಣ ಹೀಗಿರುತ್ತದೆ. ಬೇರೊಂದು ಮಾರ್ಗದಿಂದ ಟ್ರೈಲರ್ ಲಾರಿಯ ಮೇಲೆ ತಂದು ಇಳಿಸಿದ ಕೋಚ್ ಯಾರ್ಡಿನಲ್ಲಿ ಸಲೀಸಾಗಿ ಓಡಾಡುತ್ತದೆ. ಮುಖ್ಯ ಹಳಿಗೆ ಬಿಟ್ಟ ಮೇಲೆ ಒಂದು ತಿರುವಿನಲ್ಲಿ, ನಡಿಗೆಯ ವೇಗದಲ್ಲಿದ್ದರೂ, ಮುಂದಿನ ಗಾಲಿ ಹೊರಹಳಿಯನ್ನು ಹತ್ತಿ ಆಚೆಗೆ ಬೀಳುತ್ತದೆ. ಎತ್ತಿ ಕೂರಿಸಿ ಮತ್ತೆ ಓಡಿಸಿದರೆ ಅದೇ ತಿರುವು, ಅದೇ ಗಾಲಿ, ಹೆಚ್ಚುಕಡಿಮೆ ಅದೇ ಸ್ಲೀಪರ್ (ಹಳಿಗಳ ಅಡಿಯಲ್ಲಿ ಅಡ್ಡ ಹಾಕಿದ ದಿಮ್ಮಿ). ವರ್ಷಗಳಿಂದ ಅಲ್ಲಿ ಓಡುತ್ತಿರುವ ಹಳೆಯ ಕೋಚ್‌ಗಳಿಗೆ ಮಾತ್ರ ಏನೂ ಆಗುವುದಿಲ್ಲ.

ಆಗ ಹಳಿ ನೋಡಿಕೊಳ್ಳುವವರು ಕೋಚ್‌ನತ್ತ ಬೆರಳು ತೋರುತ್ತಾರೆ, ಕೋಚ್ ನೋಡಿಕೊಳ್ಳುವವರು ಹಳಿಯತ್ತ. ಸಣ್ಣ ಖಾಸಗಿ ಮಾರ್ಗದಲ್ಲಿ ಎರಡೂ ಕೆಲಸ ಅದೇ ನಾಲ್ಕೈದು ಜನರ ಕೈಯಲ್ಲಿರುತ್ತದೆ. ವಾದದಲ್ಲಿ ಹೊತ್ತು ಕಳೆದಷ್ಟೂ ಹಳಿಯ ಮೇಲಿನ ಗುರುತುಗಳು ಅಳಿಸುತ್ತವೆ. ನಾನು ನೋಡಿಕೊಳ್ಳುವ 610 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಗಲ) ಮಾರ್ಗದಲ್ಲಿ ಈ ದೋಷ ಎರಡು ಸಲ ಕಾಣಿಸಿಕೊಂಡಿತು. ಮೊದಲ ಸಲ ಖಾಲಿ ಹಳಿಯನ್ನು ಅಳೆದು, ಎಲ್ಲ ಅಳತೆಯೂ ಸರಿಯಿದೆ ಎಂದು ಬರೆದುಕೊಂಡು ಬಂದೆವು. ತಪ್ಪಿದ್ದು ಅಲ್ಲೇ. ಮೇಲೆ ಭಾರವಿಲ್ಲದಾಗ ಹಳಿ ಹೇಳುವುದು ಅರ್ಧ ಸತ್ಯ ಮಾತ್ರ. ಈ ಕೈಪಿಡಿಯನ್ನು ಬರೆಯಲು ಕೂತದ್ದು ಮುಖ್ಯವಾಗಿ ಆ ಉಳಿದರ್ಧಕ್ಕಾಗಿ.

ಒಂದು ಪದದ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಪ್ರಯಾಣಿಕರು ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ. ಇಲ್ಲಿ ಡಬ್ಬಿಗೆ ಕೋಚ್ ಎಂದೂ, ಅದರ ಕೆಳಗೆ ಎರಡು ಅಚ್ಚು, ನಾಲ್ಕು ಗಾಲಿಗಳೊಡನೆ ತಿರುಗುವ ಚೌಕಟ್ಟಿಗೆ ಬೋಗಿ ಎಂದೂ ಬರೆದಿದ್ದೇನೆ. ಗಾಲಿಯ ಒಳಬದಿಯಲ್ಲಿ ಉಬ್ಬಿರುವ ಅಂಚೇ ಫ್ಲ್ಯಾಂಜ್.

ಎತ್ತುವ ಮುನ್ನ

ಗಾಲಿ ನೆಲ ಕಂಡ ಕೂಡಲೇ ಜಾಕ್ ತರಲು ಓಡುವುದು ಸಹಜ. ದಯವಿಟ್ಟು ಅರ್ಧ ಗಂಟೆ ತಡೆಯಿರಿ. ಎರಡೂ ಕಡೆಯಿಂದ ಮಾರ್ಗವನ್ನು ಮುಚ್ಚಿ, ಹಳಿ ತಪ್ಪದ ಗಾಲಿಗಳಿಗೆ ಅಡ್ಡ ತುಂಡು ಕೊಟ್ಟು, ಕೋಚ್ ಅಲ್ಲಾಡದು ಎಂಬುದು ಖಚಿತವಾದ ಮೇಲೆ ಹಿಂದಕ್ಕೆ ನಡೆಯುತ್ತ ಹಳಿಯ ತಲೆಯನ್ನು ನೋಡಿ. ನೋಡಬೇಕಾದದ್ದು ಗಾಲಿ ಬಿದ್ದ ಜಾಗವನ್ನಲ್ಲ, ಹತ್ತಲು ಶುರು ಮಾಡಿದ ಜಾಗವನ್ನು. ಇವೆರಡರ ನಡುವೆ ಹಲವು ಮೀಟರ್ ಅಂತರ ಇರಬಹುದು. ಬಿದ್ದ ಕಡೆ ಸ್ಲೀಪರ್ ಜಜ್ಜಿರುತ್ತದೆ, ಬೋಲ್ಟ್ ಮುರಿದಿರುತ್ತದೆ, ಕಣ್ಣು ಅತ್ತಲೇ ಹೋಗುತ್ತದೆ; ಆದರೆ ಅದೆಲ್ಲ ಪರಿಣಾಮ.

ಫ್ಲ್ಯಾಂಜ್ ಹತ್ತಿದ ಕಡೆ ಹಳಿಯ ತಲೆಯ ಮೇಲೆ ಸೂಜಿಯಿಂದ ಗೀಚಿದಂಥ ಹೊಳೆಯುವ ಓರೆಗೆರೆ ಇರುತ್ತದೆ. ಒಳಗಿನ ಮೂಲೆಯಲ್ಲಿ ಶುರುವಾಗಿ, ತಲೆಯನ್ನು ಓರೆಯಾಗಿ ದಾಟಿ, ಹೊರ ಅಂಚಿನಲ್ಲಿ ಮುಗಿಯುತ್ತದೆ. ಬಿಸಿಲು ನೆತ್ತಿಯ ಮೇಲಿದ್ದಾಗ ಅದು ಕಾಣಿಸುವುದಿಲ್ಲ. ಟಾರ್ಚನ್ನು ಹಳಿಯ ಮಟ್ಟಕ್ಕೆ ಇಳಿಸಿ ಅಡ್ಡ ಬೆಳಕು ಬಿಟ್ಟರೆ ಎದ್ದು ಕಾಣುತ್ತದೆ. ಗೆರೆ ಶುರುವಾಗುವ ಕಡೆ ಸೀಮೆಸುಣ್ಣದಿಂದ ಸೊನ್ನೆ ಬರೆದು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಸ್ಲೀಪರ್‌ಗಳಿಗೆ ಅಂಕಿ ಹಾಕಿ. ಮುಂದಿನ ಅಳತೆಯೆಲ್ಲ ಈ ಸೊನ್ನೆಯಿಂದಲೇ.

ಗೆರೆಯ ಉದ್ದವೂ ಮಾತಾಡುತ್ತದೆ. ಮೀಟರಿಗೂ ಮೀರಿದ ನೀಳ ಗೆರೆಯಿದ್ದರೆ ಗಾಲಿಯ ಮೇಲಿನ ಭಾರ ಇಳಿದು ಅದು ಮೆಲ್ಲಗೆ ಹತ್ತಿದೆ ಎಂದು ತಿಳಿಯಿರಿ. ಗೇಣುದ್ದದ ಗೆರೆಯಿದ್ದರೆ ಯಾವುದೋ ಅಡಚಣೆ ಬಲವಾಗಿ ಒದ್ದಿದೆ: ಹಳಿಯ ತುದಿಗಳು ಕೂಡುವ ಜಾಯಿಂಟಿನಲ್ಲಿ ಒಳಕ್ಕೆ ಚಾಚಿದ ಹಳಿಯ ತುದಿ, ಸಿಕ್ಕಿಕೊಂಡ ಕಲ್ಲು, ಇಲ್ಲವೇ ಮಾರ್ಗ ಕವಲೊಡೆಯುವ ಕಡೆ ಸರಿಯಾಗಿ ಮುಚ್ಚಿಕೊಳ್ಳದ ಪಾಯಿಂಟ್ಸ್‌ನ ನಾಲಿಗೆ. ಗೆರೆಯೇ ಇಲ್ಲದೆ ಗಾಲಿ ಎರಡು ಹಳಿಗಳ ನಡುವೆ ಬಿದ್ದಿದ್ದರೆ ಹತ್ತುವ ಮಾತೇ ಇಲ್ಲ, ಗೇಜ್ ಅಗಲವಾಗಿದೆ. ಆ ಕೊನೆಯ ಪ್ರಕರಣ ಸುಲಭದ್ದು: ಸ್ಲೀಪರ್ ಲಡ್ಡಾಗಿ ಮೊಳೆಗಳು ಹಿಡಿತ ಬಿಟ್ಟಿರುತ್ತವೆ, ಹಾರೆಯಿಂದ ಹಳಿಯನ್ನು ಹೊರಕ್ಕೆ ಮೀಟಿದರೆ ಕೈಗೇ ಗೊತ್ತಾಗುತ್ತದೆ. ಸ್ಲೀಪರ್ ಬದಲಿಸಿ, ಗೇಜ್ ಕೂರಿಸಿ. ನಮ್ಮದು ನೀಳ ಗೆರೆಯ ಪ್ರಕರಣ.

ಹಳಿಯನ್ನು ಎರಡು ಸಲ ಅಳೆಯುವುದು

ಮೊದಲ ಸಲ ಖಾಲಿ ಹಳಿ. ಸೊನ್ನೆಯ ಗುರುತಿನಿಂದ ಹಿಂದಕ್ಕೆ ಕನಿಷ್ಠ 15 ಮೀ., ಮುಂದಕ್ಕೆ 5 ಮೀ., ಪ್ರತಿ ಮೀಟರಿಗೂ ಗೇಜ್ ಮತ್ತು ಅಡ್ಡಮಟ್ಟ (ಒಂದು ಹಳಿ ಇನ್ನೊಂದಕ್ಕಿಂತ ಎಷ್ಟು ಎತ್ತರ ಎಂಬುದು) ಎರಡನ್ನೂ ಬರೆದುಕೊಳ್ಳಿ. ಹಿಂದಕ್ಕೆ ಹೆಚ್ಚು ಯಾಕೆಂದರೆ ಗಾಲಿ ಹತ್ತುವ ಹೊತ್ತಿಗೆ ಕೋಚ್‌ನ ಹಿಂದಿನ ಬೋಗಿ ಎಲ್ಲಿತ್ತು ಎಂಬುದೂ ಮುಖ್ಯ. ಗೇಜನ್ನು ಹಳಿಗಳ ಒಳಮೈಗಳ ನಡುವೆ, ತಲೆಯ ಮೇಲ್ಮಟ್ಟದಿಂದ ಸುಮಾರು 14 ಮಿ.ಮೀ. ಕೆಳಗೆ ಹಿಡಿದು ಅಳೆಯಬೇಕು. ಸವೆದ ಹಳಿಯಲ್ಲಿ ಟೇಪನ್ನು ಮೇಲಿನ ಅಂಚಿಗೆ ಹಿಡಿದರೆ ಅಂಕಿ ಸುಳ್ಳಾಗುತ್ತದೆ. ಅಡ್ಡಮಟ್ಟಕ್ಕೆ ನೇರವಾದ ಪಟ್ಟಿ, ಅದರ ಮೇಲೆ ರಸಮಟ್ಟ, ತಗ್ಗಿದ ಬದಿಗೆ ತೆಳು ತಗಡುಗಳು ಸಾಕು. ಪಟ್ಟಿಯನ್ನು ಆಗಾಗ ತುದಿ ಬದಲಿಸಿ ಇಟ್ಟು ರಸಮಟ್ಟವೇ ಸರಿಯಿದೆಯೇ ಎಂದು ನೋಡಿಕೊಳ್ಳಿ.

ತಿರುವು ಒಂದೇ ಹದದಲ್ಲಿದೆಯೇ ಎಂದು ತಿಳಿಯಲು ದಾರ ಹಿಡಿಯಬೇಕು. ಹೊರಹಳಿಯ ಒಳಮೈಗೆ 6 ಮೀ. ದಾರ ಬಿಗಿದು, ನಡುಮಧ್ಯದಲ್ಲಿ ದಾರಕ್ಕೂ ಹಳಿಗೂ ಇರುವ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ದಾರದ ಉದ್ದದ ವರ್ಗವನ್ನು 125ರಿಂದ ಗುಣಿಸಿ ಆ ಅಂತರದಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ. ಅಂತರ 75 ಮಿ.ಮೀ. ಇದ್ದರೆ ತ್ರಿಜ್ಯ 60 ಮೀ. ಅಕ್ಕಪಕ್ಕದ ಅಳತೆಗಳು 75, 74, 77 ಎಂದು ಬಂದು ಥಟ್ಟನೆ 98 ಬಂದರೆ ಅಲ್ಲಿ ಹಳಿ ಮೊಣಕೈಯಂತೆ ಮಡಚಿಕೊಂಡಿದೆ. ಸಣ್ಣ ಮಾರ್ಗಗಳಲ್ಲಿ ಹಳಿಗಳನ್ನು ಪೂರ್ತಿ ಬಗ್ಗಿಸದೆ ಜಾಯಿಂಟಿನಲ್ಲಿ ಮಾತ್ರ ತಿರುಗಿಸಿಬಿಡುವುದರಿಂದ ಇಂಥ ಮೊಣಕೈಗಳು ಸಾಮಾನ್ಯ.

ನಮ್ಮಲ್ಲಿ ಗೇಜ್ ಸರಿಯಿತ್ತು, ದಾರದ ಅಳತೆಯೂ ಸರಿಯಿತ್ತು. ಅಡ್ಡಮಟ್ಟದಲ್ಲಿ ಸಣ್ಣದೊಂದು ಏರುಪೇರು: ತಿರುವಿನಲ್ಲಿ ಒಳಹಳಿಗಿಂತ 15 ಮಿ.ಮೀ. ಎತ್ತರವಿದ್ದ ಹೊರಹಳಿ, 3 ಮೀ. ಮುಂದೆ ಜಾಯಿಂಟ್ ಬಳಿ 8 ಮಿ.ಮೀ. ಮಾತ್ರ ಎತ್ತರವಿತ್ತು. 3 ಮೀಟರಿಗೆ 7 ಮಿ.ಮೀ. ಇಳಿತ, ಅಂದರೆ ಸುಮಾರು 1:430ರ ತಿರುಚು: 430 ಮಿ.ಮೀ. ಸಾಗುವಷ್ಟರಲ್ಲಿ ಅಡ್ಡಮಟ್ಟ 1 ಮಿ.ಮೀ. ಬದಲಾಗುತ್ತದೆ. ಇಷ್ಟಕ್ಕೆ ಯಾವ ಕೋಚ್ ಕೂಡ ಹಳಿ ತಪ್ಪಬಾರದು.

ಎರಡನೆಯ ಸಲದ ಅಳತೆ ಭಾರದ ಕೆಳಗೆ. ಇದಕ್ಕೆ ದುಬಾರಿ ಉಪಕರಣ ಬೇಡ. ಅನುಮಾನವಿರುವ ಪ್ರತಿ ಜಾಗದಲ್ಲಿ ಎರಡೂ ಹಳಿಗಳ ಪಾದದ ಕೆಳಗೆ, ಸ್ಲೀಪರ್‌ಗಳ ನಡುವೆ, ಜಲ್ಲಿಯನ್ನು ಸರಿಸಿ ಗಟ್ಟಿ ನೆಲಕ್ಕೆ ತಲುಪುವಂತೆ ಕಬ್ಬಿಣದ ಗೂಟ ಹೊಡೆಯಿರಿ. ಗೂಟದ ತಲೆಗೂ ಹಳಿಯ ಪಾದಕ್ಕೂ 40 ಮಿ.ಮೀ. ಸಂದು ಬಿಡಿ. ಆ ಸಂದಿನಲ್ಲಿ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿದ ಜೇಡಿಮಣ್ಣಿನ ಉಂಡೆಯನ್ನು ಪಾದಕ್ಕೆ ತಾಗುವಂತೆ ಇಡಿ. ಯಾವತ್ತೂ ತೊಂದರೆ ಕೊಡದ ಎಂಜಿನ್ ಒಂದನ್ನು ನಿಧಾನವಾಗಿ ದಾಟಿಸಿ. ಗಾಲಿ ಹೋದ ಮೇಲೆ ಹಳಿ ಮೇಲೇಳುತ್ತದೆ, ಮಣ್ಣು ಅದುಮಿದಂತೆಯೇ ಉಳಿಯುತ್ತದೆ. ಅದರ ದಪ್ಪ 29 ಮಿ.ಮೀ. ಇದ್ದರೆ ಹಳಿ 11 ಮಿ.ಮೀ. ಕುಸಿದಿತ್ತು ಎಂದರ್ಥ.

ಆ ಜಾಯಿಂಟಿನಲ್ಲಿ ಹೊರಹಳಿ 11 ಮಿ.ಮೀ. ಕುಸಿಯುತ್ತಿತ್ತು; ಅದರ ಎದುರಿನ ಒಳಹಳಿ ಬರೀ 2 ಮಿ.ಮೀ. ಮೂರು ಮೀಟರ್ ಹಿಂದೆ ಎರಡೂ ಹಳಿಗಳು ಸಮನಾಗಿ 2 ಮಿ.ಮೀ. ಈಗ ಲೆಕ್ಕ ಹಾಕಿ ನೋಡಿ. ಹಿಂದೆ ಹೊರಹಳಿ 15 ಮಿ.ಮೀ. ಎತ್ತರದಲ್ಲೇ ಇದೆ, ಜಾಯಿಂಟಿನಲ್ಲಿ 8 ಮಿ.ಮೀ. ಎತ್ತರವಿದ್ದದ್ದು ಇನ್ನೂ 9 ಮಿ.ಮೀ. ಇಳಿದು ಒಳಹಳಿಗಿಂತ 1 ಮಿ.ಮೀ. ತಗ್ಗಿಗೆ ಹೋಗಿದೆ. ಒಟ್ಟು 16 ಮಿ.ಮೀ. ತಿರುಚು, ಸುಮಾರು 1:190. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ 3 ಮೀ. ಅಂತರದಲ್ಲಿ ತಿರುಚು 1:200 ದಾಟಿದರೆ ಅವಧಿ ಹಾಕಿಕೊಂಡು ರಿಪೇರಿ ಮಾಡುತ್ತಾರೆ, 1:90 ಮುಟ್ಟಿದರೆ ರೈಲನ್ನೇ ನಿಲ್ಲಿಸುತ್ತಾರೆ. ನಮ್ಮ ಪುಸ್ತಕದಲ್ಲಿ 1:430 ಎಂದು ನಿಶ್ಚಿಂತೆಯಿಂದ ಬರೆದಿದ್ದ ಜಾಗ ಅದು.

ಗೂಟ ಹೊಡೆಯುವ ಮೊದಲೇ ಕುಸಿತದ ಸುಳಿವು ಕಣ್ಣಿಗೆ ಬೀಳುತ್ತಿತ್ತು, ನಮಗೆ ಓದಲು ತಿಳಿದಿರಲಿಲ್ಲ ಅಷ್ಟೆ. ಜಾಯಿಂಟಿನ ಎರಡೂ ಬದಿಯ ಸ್ಲೀಪರ್‌ಗಳ ಸುತ್ತ ಜಲ್ಲಿಯ ಮೇಲೆ ಬೂದು ಬಣ್ಣದ ಕೆಸರು ಒಣಗಿ ಹೆಪ್ಪುಗಟ್ಟಿತ್ತು. ಸ್ಲೀಪರಿನ ತುದಿಗೂ ಜಲ್ಲಿಗೂ ನಡುವೆ ಬೆರಳು ತೂರುವಷ್ಟು ಬಿರುಕು. ಗಾಲಿ ಬಂದಾಗ ಸ್ಲೀಪರ್ ಕೆಳಗಿಳಿದು ನೀರನ್ನು ಪಿಚಕಾರಿಯಂತೆ ಮೇಲಕ್ಕೆ ಚಿಮ್ಮಿಸುತ್ತದೆ, ಆ ನೀರು ಜಲ್ಲಿಯ ಪುಡಿಯನ್ನು ಹೊತ್ತು ತರುತ್ತದೆ. ಇಂಥ ಬೂದು ಕಲೆ ಕಂಡಲ್ಲೆಲ್ಲ ಖಾಲಿ ಹಳಿಯ ಅಳತೆಯನ್ನು ನಂಬಬೇಡಿ.

ಕೋಚ್‌ನ ಕೆಳಗೆ

ತಿರುಚಿದ ಹಳಿ ಸಿಕ್ಕಿತು ಎಂದು ಇಲ್ಲಿಗೇ ನಿಲ್ಲಿಸುವ ಆಸೆ ಬಲವಾಗಿರುತ್ತದೆ. ಆದರೆ ಹಳೆಯ ಕೋಚ್‌ಗಳು ಅದೇ 16 ಮಿ.ಮೀ. ಗುಂಡಿಯನ್ನು ದಿನವೂ ದಾಟುತ್ತಿದ್ದವಲ್ಲ? ಅವುಗಳ ಸ್ಪ್ರಿಂಗ್ ಚಾಚಿಕೊಂಡು ಗಾಲಿಯನ್ನು ಹಳಿಯ ಮೇಲೆ ಒತ್ತಿ ಹಿಡಿಯುತ್ತಿತ್ತು. ಹೊಸದಾಗಿ ಬಂದ ಕೋಚ್‌ನಲ್ಲಿ ಅದು ಆಗುತ್ತಿರಲಿಲ್ಲ. ಯಾಕೆ ಎಂಬುದನ್ನು ಹುಡುಕದೆ ಹಳಿಯನ್ನಷ್ಟೇ ಸರಿಪಡಿಸಿದರೆ ದೋಷ ಮುಂದಿನ ಗುಂಡಿಗಾಗಿ ಕಾದು ಕೂರುತ್ತದೆ.

ಲಾರಿಯ ಮೇಲೆ ಸಾಗಿಸುವಾಗ ಕೋಚ್ ತನ್ನ ಸ್ಪ್ರಿಂಗ್‌ಗಳ ಮೇಲೆ ಹೊಯ್ದಾಡಿ ಮಗುಚಬಾರದೆಂದು ಕೋಚ್‌ನ ಮೈಗೂ ಬೋಗಿಗೂ ನಡುವೆ ಬೆಣೆ ಹೊಡೆಯುತ್ತಾರೆ. ಅದು ಸರಿಯಾದ ಕ್ರಮವೇ. ಇಳಿಸಿದ ಮೇಲೆ ಅವನ್ನು ಎಣಿಸಿ ತೆಗೆಯಬೇಕು. ನಮ್ಮ ಕೋಚ್‌ನಿಂದ ಆರು ಬೆಣೆ ತೆಗೆದಿದ್ದೆವು. ಎಷ್ಟು ಹೊಡೆದಿದ್ದರು ಎಂದು ಯಾರೂ ಕೇಳಿರಲಿಲ್ಲ. ಎಂಟು ಹೊಡೆದಿದ್ದರು. ಉಳಿದೆರಡು ಮುಂದಿನ ಬೋಗಿಯ ಎರಡು ಬದಿಯ ಆಸರೆ ತಟ್ಟೆಗಳ ಹಿಂದೆ, ಗ್ರೀಸ್ ಮತ್ತು ದಾರಿಯ ಧೂಳು ಮೆತ್ತಿಕೊಂಡು, ಚೌಕಟ್ಟಿನದೇ ಕಪ್ಪು ಬಣ್ಣ ತಾಳಿದ್ದವು. ಟಾರ್ಚ್ ಬಿಟ್ಟು ನೋಡಿದರೂ ಕಬ್ಬಿಣದಂತೆಯೇ ಕಂಡವು. ಸಣ್ಣ ಸುತ್ತಿಗೆಯಿಂದ ಒಂದೊಂದೇ ಭಾಗವನ್ನು ತಟ್ಟುತ್ತ ಬಂದಾಗ ಠಣ್ ಎನ್ನಬೇಕಾದ ಕಡೆ ದಬ್ ಎಂದಿತು. ಉಗುರಿನಿಂದ ಕೆರೆದರೆ ಗ್ರೀಸಿನ ಕೆಳಗೆ ಮರದ ಎಳೆ.

ಆ ಎರಡು ತುಂಡು ಮರ ಬೋಗಿಯನ್ನೂ ಕೋಚ್‌ನ ಮೈಯನ್ನೂ ಬೆಸುಗೆ ಹಾಕಿದಂತೆ ಬಿಗಿದಿದ್ದವು. ಬೋಗಿ ಓಲಲಾರದು, ತಿರುವಿಗೆ ತಕ್ಕಂತೆ ತಿರುಗಲೂ ಕಷ್ಟ. ಮುಂಗಾಲಿ ಗುಂಡಿಗೆ ಬಂದಾಗ ಹಳಿ ಕೆಳಗಿಳಿಯುತ್ತದೆ, ಗಾಲಿ ಇಳಿಯುವುದಿಲ್ಲ. ತಿರುಗಲೊಲ್ಲದ ಬೋಗಿ ಅದೇ ಕ್ಷಣ ಫ್ಲ್ಯಾಂಜನ್ನು ಹೊರಹಳಿಗೆ ಒತ್ತುತ್ತದೆ. ಇಷ್ಟಾದರೆ ಹತ್ತಲು ಇನ್ನೇನೂ ಬೇಡ.

ಬೆಣೆಯಿಲ್ಲದ ಕೋಚ್‌ನಲ್ಲೂ ಇದೇ ರೋಗ ಬರಬಹುದು. ಬದಿಯ ಆಸರೆಗಳ ಸಂದು ಎರಡೂ ಕಡೆ ಸಮನಾಗಿದೆಯೇ, ನಡುವಿನ ತಿರುಗಣೆಯ ಬಟ್ಟಲು ಒಣಗಿದೆಯೇ, ಎಲೆ ಸ್ಪ್ರಿಂಗ್‌ಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿವೆಯೇ ನೋಡಿ. ಪ್ರತಿ ಗಾಲಿಯ ಭಾರವನ್ನು ಅಂದಾಜು ಮಾಡಲು ಒತ್ತಡದ ಮೀಟರ್ ಇರುವ ಹೈಡ್ರಾಲಿಕ್ ಜಾಕ್ ಸಾಕು: ಸಮತಟ್ಟಾದ ಹಳಿಯ ಮೇಲೆ ಕೋಚ್ ನಿಲ್ಲಿಸಿ, ಗಾಲಿಯ ಕೆಳಗೆ ತೆಳು ಕಾಗದ ಸಿಗಿಸಿ, ಅಚ್ಚಿನ ಪೆಟ್ಟಿಗೆಯ ಕೆಳಗೆ ಜಾಕ್ ಕೊಟ್ಟು, ಕಾಗದ ಸರಾಗವಾಗಿ ಎಳೆಯಲು ಬರುವಾಗಿನ ಒತ್ತಡ ಬರೆದುಕೊಳ್ಳಿ. ಬಳಿಕ ಉಳಿದ ಗಾಲಿಗಳನ್ನು ತೆಳು ತಗಡಿನ ಮೇಲೆ ಹತ್ತಿಸಿ ಹಳಿಯ ತಿರುಚನ್ನೇ ಅಣಕಿಸಿ, ಅನುಮಾನದ ಗಾಲಿಯನ್ನು ಮತ್ತೆ ಅಳೆಯಿರಿ. ಹೊಸ ಗಾಡಿಗಳನ್ನು ಒಪ್ಪಿಕೊಳ್ಳುವ ಯುರೋಪಿನ ತಿರುಚು ಪರೀಕ್ಷೆಯಲ್ಲಿ ಯಾವ ಗಾಲಿಯೂ ತನ್ನ ಸಹಜ ಭಾರದ 60 ಪ್ರತಿಶತಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಬಾರದು. ನಮ್ಮ ಅಳತೆಯನ್ನು ಈ ಮಿತಿಯೊಂದಿಗೆ ಹೋಲಿಸುವುದರಲ್ಲಿ ತಪ್ಪಿಲ್ಲ. ಜಾಕ್ ಮೇಲೆ ನಿಂತ ಕೋಚ್‌ನ ಕೆಳಗೆ, ಗಟ್ಟಿ ದಿಮ್ಮಿಯ ಆಸರೆ ಕೊಡದೆ, ಕೈಯನ್ನೂ ಹಾಕಬೇಡಿ.

ಸಾಗಾಟದಲ್ಲಿ ಕ್ರೇನ್ ಹಗ್ಗ ಅಚ್ಚಿಗೇ ಬಿಗಿದಿದ್ದರೆ ಗಾಲಿಗಳ ಹಿಂಬದಿಗಳ ನಡುವಿನ ಅಂತರವನ್ನು ಅಚ್ಚನ್ನು ತಿರುಗಿಸುತ್ತ ಮೂರು ಕಡೆ ಅಳೆಯಿರಿ. ಮೂರೂ ಒಂದೇ ಬಂದರೂ ಗೊತ್ತಾದ ಅಳತೆಗಿಂತ ಬೇರೆಯಿದ್ದರೆ ಗಾಲಿ ಅಚ್ಚಿನ ಮೇಲೆ ಸರಿದಿದೆ. ಮೂರೂ ಬೇರೆ ಬೇರೆಯಾದರೆ ಅಚ್ಚು ಬಾಗಿದೆ. ಎರಡರಲ್ಲಿ ಯಾವುದಾದರೂ ಆ ಗಾಲಿಜೋಡಿಯನ್ನು ಕಳಚಿಯೇ ತೀರಬೇಕು.

ಹೊಸದಾಗಿ ಕಡೆದ ಗಾಲಿ, ಒಣಗಿದ ಹಳಿ

ಸ್ಥಳ ಬದಲಿಸುವ ಮುನ್ನ ಕೋಚ್‌ನ ಗಾಲಿಗಳನ್ನು ಲೇತ್‌ನಲ್ಲಿ ಕಡೆಸಿ ಕಳುಹಿಸುವುದು ಒಳ್ಳೆಯ ರೂಢಿ. ಆದರೆ ಹೊಸದಾಗಿ ಕಡೆದ ಫ್ಲ್ಯಾಂಜ್ ಮೇಲೆ ಉಳಿಯ ಗೀರುಗಳು ಇರುತ್ತವೆ, ಅವು ಅರದಂತೆ ಹಳಿಯನ್ನು ಹಿಡಿಯುತ್ತವೆ. ಫ್ರಾನ್ಸಿನ ಎಂಜಿನಿಯರ್ ನಡಾಲ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊಟ್ಟ ಸೂತ್ರ ಇದನ್ನು ಅಂಕಿಯಲ್ಲಿ ಹೇಳುತ್ತದೆ. ಫ್ಲ್ಯಾಂಜ್ ಇಳಿಜಾರು 70 ಡಿಗ್ರಿ, ಘರ್ಷಣೆಯ ಗುಣಾಂಕ 0.3 ಇದ್ದಾಗ ಗಾಲಿಯ ಮೇಲಿನ ಅಡ್ಡ ಒತ್ತಡ ಅದರ ಕೆಳಭಾರದ ಸುಮಾರು 1.34 ಪಟ್ಟು ಆಗುವವರೆಗೂ ಅದು ಹತ್ತುವುದಿಲ್ಲ. ಘರ್ಷಣೆ 0.5ಕ್ಕೆ ಏರಿದರೆ ಮಿತಿ 0.95ಕ್ಕೆ ಇಳಿಯುತ್ತದೆ. ಅದರ ಮೇಲೆ ಫ್ಲ್ಯಾಂಜ್ ಇಳಿಜಾರೂ 60 ಡಿಗ್ರಿಯಷ್ಟೇ ಆಗಿದ್ದರೆ 0.66 ಸಾಕು. ಹಳೆಯ ಕೋಚ್‌ಗಳ ಫ್ಲ್ಯಾಂಜ್ ಓಡಿ ಓಡಿ ಕನ್ನಡಿಯಂತೆ ನುಣುಪಾಗಿತ್ತು ಎಂಬುದೂ ಅವು ಬದುಕಿಕೊಂಡ ಕಾರಣಗಳಲ್ಲಿ ಒಂದು ಎಂದು ನನ್ನ ಖಚಿತ ನಂಬಿಕೆ.

ಬಿಗಿ ತಿರುವುಗಳಲ್ಲಿ ಹೊರಹಳಿಯ ಒಳಮೈಗೆ ಗ್ರೀಸ್ ಸವರಿ. ಒಳಮೈಗೆ ಮಾತ್ರ, ತಲೆಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಗ್ರೀಸ್ ಹಚ್ಚಿದ ಕೂಡಲೇ ತೊಂದರೆ ಮಾಯವಾಯಿತೆಂದು ರಿಪೇರಿಯನ್ನು ಮುಂದೂಡುವುದು ಮಾತ್ರ ಅಪಾಯ, ಅದು ಮೊದಲ ಜೋರು ಮಳೆಗೆ ತೊಳೆದುಹೋಗುತ್ತದೆ.

ಸರಿಪಡಿಸುವ ಸರದಿ

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಪ್ರತಿ ಬದಲಾವಣೆಯ ಬಳಿಕ ಖಾಲಿ ಕೋಚ್ ಓಡಿಸಿ. ಖಾಲಿ ಕೋಚ್‌ನ ಗಾಲಿಗಳ ಮೇಲೆ ಭಾರ ಕಡಿಮೆಯಿರುವುದರಿಂದ ಅದೇ ಕಠಿಣ ಪರೀಕ್ಷೆ. ನಾವು ಮೊದಲು ಬೆಣೆ ತೆಗೆದೆವು. ಕೋಚ್ ಆ ಜಾಗವನ್ನು ಹತ್ತು ಸಲ ದಾಟಿತು, ಹಳಿಯ ತಲೆಯ ಮೇಲೆ ಹೊಸ ಗೆರೆ ಮೂಡಲಿಲ್ಲ. ಆದರೂ ಜಾಯಿಂಟ್ ಸರಿಹೋಗುವವರೆಗೆ ಪ್ರಯಾಣಿಕರನ್ನು ಹತ್ತಿಸಲಿಲ್ಲ.

ಜಾಯಿಂಟ್ ಕೆಲಸವನ್ನು ನೀರಿನಿಂದ ಶುರು ಮಾಡಿ. ಬದಿಯ ಚರಂಡಿ ಹೂಳು ತುಂಬಿದ್ದರೆ ಎಷ್ಟು ಜಲ್ಲಿ ತುರುಕಿದರೂ ಕೆಸರಿಗೆ ಉಣಿಸಿದಂತೆ. ಚರಂಡಿ ತೆಗೆದು, ಕೆಸರು ಕುಡಿದ ಜಲ್ಲಿಯನ್ನು ಸ್ಲೀಪರಿನ ತಳದವರೆಗೂ ಅಗೆದು ಹೊರಹಾಕಿ. ಫಿಶ್‌ಪ್ಲೇಟ್ (ಹಳಿಗಳ ತುದಿಗಳನ್ನು ಜೋಡಿಸುವ ಉಕ್ಕಿನ ಪಟ್ಟಿ) ಬಿಚ್ಚಿ, ಹಳಿಗೆ ತಾಗುವ ಮೈ ಸವೆದಿದ್ದರೆ ಬದಲಿಸಿ, ಎಣ್ಣೆ ಸವರಿ ಕೂರಿಸಿ. ಹಳಿಗಳ ತುದಿಗಳ ನಡುವೆ ಸಂದು ಉಳಿಯಲೇಬೇಕು: 12 ಮೀ. ಉದ್ದದ ಹಳಿ 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಜಲ್ಲಿ ಸಡಿಲಿಸುವ ಕೆಲಸವನ್ನು ಸುಡುಬಿಸಿಲಿನಲ್ಲಿ ಹಮ್ಮಿಕೊಳ್ಳದಿರಲು ಕಾರಣವೂ ಇದೇ. ಹಿಡಿತ ತಪ್ಪಿದ ಹಳಿ ಪಕ್ಕಕ್ಕೆ ಹಾವಿನಂತೆ ಸುಳಿದುಬಿಡುತ್ತದೆ.

ಜಾಕ್‌ನಿಂದ ಹಳಿಯನ್ನು ಮಟ್ಟಕ್ಕೆ ಎತ್ತಿ ಸ್ಲೀಪರಿನ ಅಡಿಗೆ ಜಲ್ಲಿ ಪ್ಯಾಕ್ ಮಾಡುವಾಗ ಪ್ರತಿ ಹಳಿಯ ಎರಡೂ ಮಗ್ಗುಲಲ್ಲಿ ಬಿಗಿಯಾಗಿ ಹೊಡೆಯಿರಿ, ಸ್ಲೀಪರಿನ ನಡುಭಾಗವನ್ನು ಸಡಿಲ ಬಿಡಿ. ನಡು ಗಟ್ಟಿಯಾದರೆ ಸ್ಲೀಪರ್ ಅದರ ಮೇಲೆ ತಕ್ಕಡಿಯಂತೆ ತೂಗುತ್ತದೆ, ತಿರುಚು ಮತ್ತೆ ಹುಟ್ಟುತ್ತದೆ. ಜಾಯಿಂಟಿನ ಎರಡು ಸ್ಲೀಪರ್‌ಗಳಿಗೆ ಮಾತ್ರ ಪ್ಯಾಕ್ ಮಾಡಿ ಕೈತೊಳೆದುಕೊಂಡರೆ ಗುಂಡಿ ಪಕ್ಕದ ಸ್ಲೀಪರಿಗೆ ಸರಿಯುತ್ತದೆ. ಎರಡೂ ದಿಕ್ಕಿಗೆ ಕೆಲವು ಮೀಟರ್ ಎತ್ತರವನ್ನು ಹದವಾಗಿ ಇಳಿಸುತ್ತ ಹೋಗಿ.

ಇಳಿಸಿದ ಕೋಚ್ ಸದ್ದು ಮಾಡಿದರೆ

ಹಳಿ ತಪ್ಪದಿದ್ದರೂ ಸಾಗಿಸಿ ತಂದ ಕೋಚ್ ಹೊಸ ಸದ್ದುಗಳನ್ನು ತರುವುದುಂಟು. ಟಕ್ ಟಕ್ ಸದ್ದು ಗಾಲಿಯದೋ ಜಾಯಿಂಟಿನದೋ ಎಂದು ತಿಳಿಯಲು ಎಣಿಸಿ. ಗಾಲಿಯ ವ್ಯಾಸ 600 ಮಿ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 1.9 ಮೀ.; ಗಂಟೆಗೆ 10 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿಗೆ ಸುಮಾರು ಮೂರು ಸಲ ಬಡಿಯುತ್ತದೆ. 12 ಮೀ. ಹಳಿಯ ಜಾಯಿಂಟ್ ಅದೇ ವೇಗದಲ್ಲಿ ಪ್ರತಿ ಗಾಲಿಗೆ ನಾಲ್ಕು ಸೆಕೆಂಡಿಗೊಮ್ಮೆ ಸಿಗುತ್ತದೆ. ಬೇಗಬೇಗ ಬಡಿದರೆ ಗಾಲಿ ಚಪ್ಪಟೆಯಾಗಿದೆ: ಯಾರ್ಡಿನಲ್ಲಿ ಬ್ರೇಕ್ ಬಿಡಿಸದೆ ಎಳೆದಿರುವ ಸಾಧ್ಯತೆ ಹೆಚ್ಚು. ಬಡಿತವಿಲ್ಲದೆ ಗುಂಯ್‌ಗುಡುವ ಸದ್ದು ಬಂದರೆ ರೋಲರ್ ಬೇರಿಂಗ್ ಬಿಚ್ಚಿ ನೋಡಿ. ಲಾರಿಯ ಮೇಲೆ ಗಾಲಿ ತಿರುಗದೆ ಗಂಟೆಗಟ್ಟಲೆ ಅದುರುವಾಗ ರೋಲರ್‌ಗಳು ಕೂತ ಜಾಗದಲ್ಲೇ ಉಜ್ಜಿ ಸಾಲು ಸಾಲು ಗುಳಿ ಬೀಳುತ್ತವೆ. ಗ್ರೀಸ್ ತುಂಬಿದರೆ ಸದ್ದು ತಗ್ಗುತ್ತದೆ, ಗುಳಿ ಹೋಗುವುದಿಲ್ಲ, ಬೇರಿಂಗ್ ಬದಲಿಸಬೇಕು.

ಪ್ಯಾಕ್ ಮಾಡಿದ ಜಾಯಿಂಟಿನ ಗೂಟಗಳನ್ನು ಕೀಳಬೇಡಿ. ಹೊಸ ಜಲ್ಲಿ ಮೊದಲ ವಾರಗಳಲ್ಲಿ ಇಳಿದೇ ಇಳಿಯುತ್ತದೆ. ನಾವು ಒಂದು ವಾರದ ಬಳಿಕ ಹೊಸ ಮಣ್ಣಿನ ಉಂಡೆ ಇಟ್ಟಾಗ ಹೊರಹಳಿ 5 ಮಿ.ಮೀ. ಕುಸಿಯಿತು, ಮತ್ತೊಮ್ಮೆ ಪ್ಯಾಕ್ ಮಾಡಿದೆವು. ಮಳೆಗಾಲ ಕಳೆದ ಮೇಲೆ ಇಟ್ಟದ್ದರಲ್ಲಿ 2 ಮಿ.ಮೀ., ಎದುರಿನ ಒಳಹಳಿಯಲ್ಲೂ 2 ಮಿ.ಮೀ. ಅಡ್ಡಮಟ್ಟದ ಪುಸ್ತಕದಲ್ಲಿ ಈಗ ಪ್ರತಿ ಜಾಯಿಂಟಿಗೂ ಎರಡು ಕಾಲಂ ಇವೆ, ಖಾಲಿ ಮತ್ತು ಭಾರ. ಕೋಚ್ ಸಾಗಾಟದ ಪಟ್ಟಿಯಲ್ಲಿ ಬೆಣೆಗಳ ಎಣಿಕೆಯನ್ನು ಲಾರಿ ಹೊರಡುವ ಮುನ್ನವೇ ಬರೆಸಿಕೊಳ್ಳುತ್ತೇವೆ, ಪ್ರತಿಯೊಂದಕ್ಕೂ ಹಳದಿ ಬಣ್ಣ ಬಳಿಸಿ.